ಕೋಣನಕುಂಟೆಯ ಮುತ್ತಿಗೆ: ಅಂದು ಕಾದದ್ದು ಸರಿಯೇ?

ಹಳೇ ಮೈಸೂರಿಗ:

1991ರ ಆಗಸ್ಟ್ 18ರ ರಾತ್ರಿ, ಆಗಿನ್ನೂ ಬೆಂಗಳೂರಿನ ಹೊರವಲಯವಾಗಿದ್ದ ಕೋಣನಕುಂಟೆಯ ಮನೆಯೊಂದನ್ನು ರಾಜೀವ್ ಗಾಂಧಿ ಹತ್ಯೆಯ ವಿಶೇಷ ತನಿಖಾ ದಳ ಸುತ್ತುವರಿಯಿತು. ಶ್ರೀಪೆರಂಬುದೂರಿನ ಸಂಚನ್ನು ಸ್ಥಳದಲ್ಲೇ ನಿಂತು ನಡೆಸಿದ್ದ ಶಿವರಾಸನ್, ಅವನೊಂದಿಗೆ ತಲೆಮರೆಸಿಕೊಂಡಿದ್ದ ಶುಭಾ ಮತ್ತು ಇನ್ನೂ ಐವರು ಒಳಗಿದ್ದರು. ಕಮಾಂಡೊಗಳು ಒಳಹೊಕ್ಕಿದ್ದು 20ರ ಬೆಳಿಗ್ಗೆ. ಅಷ್ಟರಲ್ಲಿ ಶಿವರಾಸನ್ ತಲೆಗೆ ಗುಂಡು ಹೊಡೆದುಕೊಂಡಿದ್ದ, ಉಳಿದವರು ಸಯನೈಡ್ ನುಂಗಿದ್ದರು. ಏಳು ಮಂದಿಯಲ್ಲಿ ಒಬ್ಬರೂ ಜೀವಂತ ಸಿಗಲಿಲ್ಲ.

ದಳದ ನೇತೃತ್ವ ವಹಿಸಿದ್ದವರು ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್. ಪೂರ್ಣ ಸಿದ್ಧತೆಯ ಕಮಾಂಡೊ ತಂಡ ಮತ್ತು ಸಯನೈಡ್‌ಗೆ ಪ್ರತಿವಿಷ ಒದಗುವವರೆಗೆ ಕಾಯಬೇಕೆಂಬುದು ಅಂದಿನ ನಿರ್ಧಾರವಾಗಿತ್ತು. ಇದಕ್ಕೆ ಕಾರಣವೂ ಇತ್ತು: ಅದಕ್ಕೆ ಸ್ವಲ್ಪ ಮೊದಲು ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಅಡಗಿದ್ದ, ಶಿವರಾಸನ್ ಸೇರಿದ್ದ ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯವರು ಪೊಲೀಸರನ್ನು ಕಂಡೊಡನೆ ಕೊರಳಿನ ಸಯನೈಡ್ ಗುಳಿಗೆಯನ್ನು ಕಚ್ಚಿದ್ದರು. ಆದರೆ ಅದೇ ಕಾರಣವನ್ನು ತಿರುಗಿಸಿಯೂ ಓದಬಹುದು. ಸುತ್ತುವರಿದದ್ದು ತಿಳಿದ ಕ್ಷಣವೇ ಸಾಯಲು ಸಿದ್ಧರಿರುವವರಿಗೆ ಒಂದೂವರೆ ದಿನದಷ್ಟು ಸಮಯ ಕೊಟ್ಟರೆ ಅವರು ಆ ಸಮಯವನ್ನು ಯಾವುದಕ್ಕೆ ಬಳಸಿಯಾರು?

ಒತ್ತೆಯಾಳುಗಳ ಪ್ರಕರಣಗಳಲ್ಲಿ ತಾಳ್ಮೆಯೇ ದೊಡ್ಡ ಅಸ್ತ್ರವೆಂದು ಎಲ್ಲ ಕಡೆ ಓದುತ್ತೇವೆ. ಮುಂಬಯಿಯ ದಾಳಿಯ ನಂತರ, ತಡವಾದದ್ದೇ ಅನಾಹುತಕ್ಕೆ ಕಾರಣವೆಂದೂ ಓದಿದೆವು. ಎರಡೂ ನಿಜವಾಗಿರಬೇಕಾದರೆ, ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು ಎಂಬುದನ್ನು ಪಡೆಗಳು ಹೇಗೆ ನಿರ್ಧರಿಸುತ್ತವೆ? ಬಲ್ಲವರು ಬರೆಯಬೇಕೆಂದು ವಿನಂತಿ.

ನಿವೃತ್ತ ಖಾಕಿ:

ಮೊದಲು ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಕೋಣನಕುಂಟೆಯಲ್ಲಿ ಒತ್ತೆಯಾಳುಗಳು ಇರಲಿಲ್ಲ. ಅಲ್ಲಿ ಉಳಿಸಿಕೊಳ್ಳಬೇಕಾಗಿದ್ದುದು ಆರೋಪಿಗಳ ಜೀವವನ್ನೇ, ಏಕೆಂದರೆ ಸಂಚಿನ ಮೇಲಿನ ಕೊಂಡಿಗಳು ಶಿವರಾಸನ್‌ನ ಬಾಯಿಂದ ಮಾತ್ರ ಹೊರಬರಬಹುದಾಗಿತ್ತು. ಸಂಚಿನ ಹಿಂದಿನ ದೊಡ್ಡ ಪಿತೂರಿಯನ್ನು ಹುಡುಕಲೆಂದು 1998ರಲ್ಲಿ ಮತ್ತೊಂದು ಸಂಸ್ಥೆಯನ್ನೇ ರಚಿಸಬೇಕಾಗಿ ಬಂದದ್ದನ್ನು ನೋಡಿದರೆ ಆ ಬೆಳಿಗ್ಗೆ ಏನು ಕೈತಪ್ಪಿತೆಂಬುದು ತಿಳಿಯುತ್ತದೆ.

ಸಾಮಾನ್ಯ ಕ್ರಮ ಹೀಗಿದೆ. ಮೊದಲು ತಲುಪಿದ ಠಾಣೆಯವರು ಎರಡು ಸುತ್ತಿನ ಕಾವಲು ಹಾಕುತ್ತಾರೆ. ಒಳಸುತ್ತು ಒಳಗಿನವರು ಹೊರಬಾರದಂತೆ, ಹೊರಸುತ್ತು ಜನ ಒಳಬಾರದಂತೆ. ನಂತರ ಒಂದೇ ಒಂದು ನಿಯಂತ್ರಣ ಕೇಂದ್ರ, ಒಳಗಿನವರೊಂದಿಗೆ ಒಂದೇ ಒಂದು ಸಂಪರ್ಕ. ಸಂಧಾನಕಾರನಿಗೆ ನಿರ್ಧಾರದ ಅಧಿಕಾರ ಇರಕೂಡದು, ನಿರ್ಧರಿಸುವ ಅಧಿಕಾರಿ ಸಂಧಾನಕ್ಕೆ ಕೂರಕೂಡದು. "ಮೇಲಿನವರನ್ನು ಕೇಳಿ ಹೇಳುತ್ತೇನೆ" ಎಂದು ಹೇಳಬಲ್ಲವನಿಗೆ ಮಾತ್ರ ಸಮಯವನ್ನು ಎಳೆಯುವ ಅವಕಾಶವಿರುತ್ತದೆ. ನೀರು, ಊಟ, ವಿದ್ಯುತ್ ಎಲ್ಲವೂ ಚೌಕಾಶಿಯ ವಸ್ತುಗಳು. ಯಾವುದನ್ನೂ ಬಿಟ್ಟಿ ಕೊಡುವುದಿಲ್ಲ, ಪ್ರತಿಯಾಗಿ ಒಬ್ಬ ಒತ್ತೆಯಾಳನ್ನೋ ಒಂದು ಮಾಹಿತಿಯನ್ನೋ ಕೇಳಲಾಗುತ್ತದೆ. ಸಮಯ ಕಳೆದಂತೆ ದಾಳಿಕೋರನಿಗೆ ದಣಿವು ಹತ್ತುತ್ತದೆ, ಮೊದಲ ಗಂಟೆಯ ಆವೇಶ ಇಳಿಯುತ್ತದೆ. ಅಷ್ಟರಲ್ಲಿ ಹೊರಗಿನ ತಂಡಕ್ಕೆ ಕಟ್ಟಡದ ನಕ್ಷೆ, ಒಳಗಿರುವವರ ಸಂಖ್ಯೆ, ಬಾಗಿಲು ಯಾವ ದಿಕ್ಕಿಗೆ ತೆರೆಯುತ್ತದೆ ಎಂಬಂಥ ವಿವರಗಳು ಒಂದೊಂದಾಗಿ ಸಿಗುತ್ತವೆ.

ಈ ಲೆಕ್ಕಾಚಾರವೆಲ್ಲ ನಿಂತಿರುವುದು ಒಂದೇ ಊಹೆಯ ಮೇಲೆ: ಒಳಗಿರುವವನಿಗೆ ಬದುಕುವ ಆಸೆಯಿದೆ, ಅವನಿಗೆ ನಮ್ಮಿಂದ ಏನೋ ಬೇಕಾಗಿದೆ. ಆ ಊಹೆ ಸುಳ್ಳಾದ ಕಡೆ ಮೇಲಿನ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದರೂ ಫಲ ಸಿಗುವುದಿಲ್ಲ.

ಪಂಜಾಬಿನ ದಿನಗಳು:

ಕಾದು ಗೆದ್ದ ಉದಾಹರಣೆಗೆ ಹೊರದೇಶಕ್ಕೆ ಹೋಗಬೇಕಾಗಿಲ್ಲ. 1988ರ ಮೇ ತಿಂಗಳಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ಸೇರಿಕೊಂಡಿದ್ದ ಖಲಿಸ್ತಾನಿ ಉಗ್ರರ ವಿರುದ್ಧ ನಡೆದ ಬ್ಲ್ಯಾಕ್ ಥಂಡರ್ ಕಾರ್ಯಾಚರಣೆಯನ್ನು ನೋಡಿ. ನಾಲ್ಕು ವರ್ಷ ಮೊದಲು, 1984ರ ಜೂನ್‌ನಲ್ಲಿ, ಅದೇ ಆವರಣಕ್ಕೆ ಸೈನ್ಯ ಟ್ಯಾಂಕ್‌ಗಳೊಂದಿಗೆ ನುಗ್ಗಿ, ಅಕಾಲ್ ತಖ್ತ್ ಹಾನಿಗೊಂಡು, ಅದರ ಪರಿಣಾಮವನ್ನು ದೇಶ ಬಹುಕಾಲ ಅನುಭವಿಸಿತ್ತು. ಈ ಬಾರಿ ಪಂಜಾಬಿನ ಪೊಲೀಸ್ ಮಹಾನಿರ್ದೇಶಕರಾಗಿದ್ದವರು ಕೆ.ಪಿ.ಎಸ್. ಗಿಲ್. ಕೇಂದ್ರದ ಕಮಾಂಡೊ ಪಡೆಯಾದ ಎನ್‌ಎಸ್‌ಜಿಯ ಶಾರ್ಪ್‌ಶೂಟರ್‌ಗಳು ಸುತ್ತಲಿನ ಎತ್ತರದ ಜಾಗಗಳಲ್ಲಿ ಕುಳಿತರು. ನೀರು, ವಿದ್ಯುತ್ ಕಡಿತವಾಯಿತು. ಮೇ ತಿಂಗಳ ಪಂಜಾಬಿನ ಬಿಸಿಲು ಉಳಿದ ಕೆಲಸವನ್ನು ಮಾಡಿತು. ಪತ್ರಕರ್ತರು ನೋಡುತ್ತಿರುವಂತೆಯೇ ಸುಮಾರು 200 ಮಂದಿ ಶರಣಾದರು. ಪಡೆಗಳ ಕಡೆ ಆದ ಹಾನಿ ತೀರ ಅಲ್ಪ.

ಅಲ್ಲಿ ಕಾಯುವಿಕೆ ಕೆಲಸ ಮಾಡಿದ್ದಕ್ಕೆ ಕಾರಣ ಗಿಲ್ ಅವರ ತಾಳ್ಮೆಯೊಂದೇ ಅಲ್ಲ. ಒಳಗಿದ್ದವರು ತಪ್ಪಿಸಿಕೊಳ್ಳುವಂತಿರಲಿಲ್ಲ, ದಿನ ಕಳೆದರೂ ಹೊರಗಿನ ಯಾರಿಗೂ ಹಾನಿಯಾಗುತ್ತಿರಲಿಲ್ಲ, ಮತ್ತು ಅವರಲ್ಲಿ ಹೆಚ್ಚಿನವರು ಸಾಯಲು ಬಂದವರಾಗಿರಲಿಲ್ಲ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕಥೆ ಬೇರೆಯಾಗುತ್ತಿತ್ತು.

ಕೊಲಾಬಾ ಕನ್ನಡಿಗ:

2008ರ ನವೆಂಬರ್ 26ರಂದು ಮುಂಬಯಿಯಲ್ಲಿ ಆ ಮೂರರಲ್ಲಿ ಒಂದೂ ಇರಲಿಲ್ಲ. ಪಾಕಿಸ್ತಾನದಿಂದ ಬಂದ ಹತ್ತು ಮಂದಿ ಉಗ್ರರಿಗೆ ಬೇಡಿಕೆಯೆಂಬುದೇ ಇರಲಿಲ್ಲ. ಆಗಾಗ ಮುಂದಿಟ್ಟ ಬೇಡಿಕೆಗಳು ಹೊತ್ತು ಕಳೆಯುವ ನಾಟಕ ಮಾತ್ರ. ಒತ್ತೆಯಾಳುಗಳನ್ನು ಇಟ್ಟುಕೊಂಡದ್ದು ಟಿ.ವಿ. ಪರದೆಯ ಮೇಲೆ ದಾಳಿಯನ್ನು ಉದ್ದವಾಗಿಸಲು. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಗುಂಡಿನ ಸದ್ದು ಆರಂಭವಾಯಿತು. ಮನೇಸರದಲ್ಲಿದ್ದ ಎನ್‌ಎಸ್‌ಜಿಗೆ ದೆಹಲಿಯಲ್ಲಿ ಸಿದ್ಧ ವಿಮಾನವಿರಲಿಲ್ಲ. ಚಂಡೀಗಢದಿಂದ ಐಎಲ್-76 ತರಿಸಿ, ಮುಂಬಯಿಗೆ ಬಂದಿಳಿದು, ಬಸ್‌ಗಳಲ್ಲಿ ದಕ್ಷಿಣ ಮುಂಬಯಿ ಸೇರುವಷ್ಟರಲ್ಲಿ ಮರುದಿನದ ಬೆಳಗಾಗಿತ್ತು. ಅಷ್ಟು ಹೊತ್ತು ದಾಳಿಗೊಳಗಾದ ತಾಜ್ ಹೋಟೆಲ್‌ನಲ್ಲಿ ಮುಂಬಯಿ ಪೊಲೀಸರ ಸಣ್ಣ ತಂಡವೊಂದು, ನಂತರ ನೌಕಾಪಡೆಯ ಮಾರ್ಕೋಸ್, ತಮ್ಮಲ್ಲಿದ್ದಷ್ಟರಲ್ಲಿ ಎದುರಿಸಿದವು. ಒಟ್ಟು 166 ಮಂದಿ ಪ್ರಾಣ ಕಳೆದುಕೊಂಡರು. ತಾಜ್‌ನಲ್ಲಿ ಮಡಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಬೆಂಗಳೂರಿನಲ್ಲಿ ಬೆಳೆದವರು. ಯಲಹಂಕದ ರಸ್ತೆಯ ಮೇಲಿರುವ ಅವರ ಹೆಸರನ್ನು ನಿತ್ಯ ನೋಡುವವರು ಇಲ್ಲಿ ಅನೇಕರಿರಬಹುದು.

ಇನ್ನೊಂದು ಸಂಗತಿ. ಕರಾಚಿಯಲ್ಲಿ ಕುಳಿತು ದಾಳಿಕೋರರನ್ನು ನಡೆಸುತ್ತಿದ್ದವರು ಭಾರತದ ವಾಹಿನಿಗಳನ್ನು ನೋಡುತ್ತ, ಹೊರಗೆ ಕಮಾಂಡೊಗಳು ಎಲ್ಲಿದ್ದಾರೆಂದು ಫೋನಿನಲ್ಲಿ ಹೇಳುತ್ತಿದ್ದರು. ನಾರಿಮನ್ ಹೌಸ್‌ನ ಛಾವಣಿಗೆ ಹೆಲಿಕಾಪ್ಟರ್‌ನಿಂದ ಕಮಾಂಡೊಗಳು ಇಳಿಯುವುದನ್ನು ನಾವೆಲ್ಲ ನೇರಪ್ರಸಾರದಲ್ಲಿ ನೋಡಿದೆವು. ನಾವು ನೋಡಿದ್ದನ್ನು ಅವರೂ ನೋಡಿದರು. 2012ರಲ್ಲಿ, ದಾಳಿಕೋರರಲ್ಲಿ ಜೀವಂತ ಸಿಕ್ಕ ಒಬ್ಬನೇ ಒಬ್ಬನಾದ ಕಸಬ್‌ನ ಮೇಲ್ಮನವಿಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಪ್ರಸಾರವನ್ನು ಕಟುವಾಗಿ ಟೀಕಿಸಿತು. ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯ ನೇರಪ್ರಸಾರವನ್ನು ನಿಷೇಧಿಸುವ ನಿಯಮ ಬಂದದ್ದು 2015ರಲ್ಲಿ.

ಮ್ಯೂನಿಕ್‌ನಿಂದ:

ಅದು ಹೊಸ ತಪ್ಪಾಗಿರಲಿಲ್ಲ ಎಂಬುದೇ ಬೇಸರದ ವಿಷಯ. ನಾನಿರುವ ಈ ಊರಿನಲ್ಲಿ 1972ರ ಸೆಪ್ಟೆಂಬರ್ 5ರಂದು, ಪ್ಯಾಲೆಸ್ಟೀನಿ ಉಗ್ರರು ಇಸ್ರೇಲಿ ತಂಡದವರನ್ನು ಒತ್ತೆಯಿಟ್ಟುಕೊಂಡಿದ್ದ ಒಲಿಂಪಿಕ್ಸ್ ಗ್ರಾಮದ ಕಟ್ಟಡದ ಮೇಲೆ ಕ್ರೀಡಾಪಟುಗಳ ಉಡುಪು ತೊಟ್ಟ ಪೊಲೀಸರು ಹತ್ತುತ್ತಿದ್ದುದು ಟಿ.ವಿ.ಯಲ್ಲಿ ನೇರವಾಗಿ ಕಾಣುತ್ತಿತ್ತು, ಆ ಪ್ರಯತ್ನವನ್ನು ಅಲ್ಲಿಗೇ ಕೈಬಿಡಬೇಕಾಯಿತು. ಆ ರಾತ್ರಿ ಫ್ಯೂರ್‌ಸ್ಟೆನ್‌ಫೆಲ್ಡ್‌ಬ್ರುಕ್ ವಾಯುನೆಲೆಯಲ್ಲಿ ಎಂಟು ದಾಳಿಕೋರರ ಎದುರು ಐವರು ಶೂಟರ್‌ಗಳನ್ನು ನಿಲ್ಲಿಸಲಾಗಿತ್ತು. ಬಂದವರು ಎಂಟು ಮಂದಿ ಎಂಬುದೇ ಮೊದಲು ಗೊತ್ತಿರಲಿಲ್ಲ. ಶೂಟರ್‌ಗಳ ಬಳಿ ಪರಸ್ಪರ ಮಾತಾಡಲು ರೇಡಿಯೊ ಇರಲಿಲ್ಲ. ಶಸ್ತ್ರಸಜ್ಜಿತ ವಾಹನಗಳು ರಸ್ತೆಯ ದಟ್ಟಣೆಯಲ್ಲಿ ಸಿಕ್ಕಿಕೊಂಡವು. ಇಸ್ರೇಲಿನ 11 ಮಂದಿಯಲ್ಲಿ ಇಬ್ಬರು ಬೆಳಿಗ್ಗೆಯೇ ಕೊಲೆಯಾಗಿದ್ದರು, ಉಳಿದ ಒಂಬತ್ತು ಮಂದಿಯೂ ಅಂದು ರಾತ್ರಿ ಸತ್ತರು. ಕೆಲವೇ ವಾರಗಳಲ್ಲಿ ಜಿಎಸ್‌ಜಿ 9 ಎಂಬ ಪಡೆ ಹುಟ್ಟಿತು. ಐದು ವರ್ಷಗಳ ನಂತರ, 1977ರ ಅಕ್ಟೋಬರ್‌ನಲ್ಲಿ, ಅದೇ ಪಡೆ ಮೊಗಾದಿಶುವಿನಲ್ಲಿ ಅಪಹೃತ ಲುಫ್ತಾನ್ಸಾ ವಿಮಾನದೊಳಗೆ ನುಗ್ಗಿ ಅಲ್ಲಿದ್ದ ಒತ್ತೆಯಾಳುಗಳೆಲ್ಲರನ್ನೂ ಬಿಡಿಸಿಕೊಂಡಿತು.

ನಮ್ಮ ದೇಶವೂ ಇಂಥ ಕೆಲಸ ಮಾಡಿದೆ, ಆದರೆ ಯಾರಿಗೂ ನೆನಪಿಲ್ಲ. 1993ರ ಏಪ್ರಿಲ್‌ನಲ್ಲಿ ಅಮೃತಸರದಲ್ಲಿ ಅಪಹೃತ ಇಂಡಿಯನ್ ಏರ್‌ಲೈನ್ಸ್ ವಿಮಾನಕ್ಕೆ ಎನ್‌ಎಸ್‌ಜಿ ನುಗ್ಗಿ, ಕೆಲವೇ ನಿಮಿಷಗಳಲ್ಲಿ, ಒಳಗಿದ್ದ ಎಲ್ಲ 141 ಮಂದಿಯನ್ನೂ ಉಳಿಸಿತು. ಆರು ವರ್ಷಗಳ ನಂತರ, 1999ರ ಡಿಸೆಂಬರ್ 24ರಂದು, ಅದೇ ಅಮೃತಸರದ ನಿಲ್ದಾಣದಲ್ಲಿ ಅಪಹೃತ ವಿಮಾನ ಐಸಿ-814 ಮುಕ್ಕಾಲು ಗಂಟೆಯಷ್ಟು ಹೊತ್ತು ನಿಂತಿತ್ತು. ಕಮಾಂಡೊಗಳು ಬರಲಿಲ್ಲ, ವಿಮಾನವನ್ನು ತಡೆಯಲೂ ಆಗಲಿಲ್ಲ. ಅದು ಕಂದಹಾರ್ ತಲುಪಿದ ಮೇಲೆ ಮೂವರು ಉಗ್ರರನ್ನು ಬಿಡುವುದರ ಹೊರತು ಸರ್ಕಾರಕ್ಕೆ ಹೆಚ್ಚಿನ ಆಯ್ಕೆ ಉಳಿಯಲಿಲ್ಲ.

ಹಳೇ ಮೈಸೂರಿಗ:

ಹಾಗಾದರೆ ಬೇಡಿಕೆಯುಳ್ಳವನ ಜೊತೆ ಕಾಯಬೇಕು, ಕೊಲ್ಲಲೆಂದೇ ಬಂದವನಿಗೆ ಸಮಯ ಕೊಡಬಾರದು ಎಂದಾಯಿತು. ಆದರೆ ಮೊದಲ ಗಂಟೆಯಲ್ಲಿ ಬಾಗಿಲ ಹೊರಗೆ ನಿಂತ ಅಧಿಕಾರಿಗೆ ಇವನು ಯಾವ ಬಗೆಯವನೆಂದು ತಿಳಿಯುವುದು ಹೇಗೆ?

ನಿವೃತ್ತ ಖಾಕಿ:

ಅನೇಕ ಸಲ ತಿಳಿಯುವುದಿಲ್ಲ, ಅಪಾಯವಿರುವುದು ಅಲ್ಲೇ. ಅಮೆರಿಕದ ಟೆಕ್ಸಾಸ್‌ನ ಯುವಾಲ್ಡೆ ಶಾಲೆಯಲ್ಲಿ 2022ರ ಮೇ 24ರಂದು ನಡೆದ ಗುಂಡಿನ ದಾಳಿ ಇದಕ್ಕೆ ಅತಿ ಕಹಿಯಾದ ಉದಾಹರಣೆ. 1999ರ ಕೊಲಂಬೈನ್ ಶಾಲೆಯ ಹತ್ಯಾಕಾಂಡದ ನಂತರ ಅಲ್ಲಿನ ಪೊಲೀಸರಿಗೆ ಕಲಿಸುತ್ತಿದ್ದ ಪಾಠ ಒಂದೇ: ಗುಂಡು ಹಾರುತ್ತಿರುವಾಗ ವಿಶೇಷ ತಂಡಕ್ಕೆ ಕಾಯಬೇಡಿ, ಮೊದಲು ಬಂದವರೇ ಒಳಗೆ ಹೋಗಿ. ಆದರೂ ಯುವಾಲ್ಡೆಯಲ್ಲಿ, ಕೊಠಡಿಯೊಳಗೆ ಬಾಗಿಲು ಹಾಕಿಕೊಂಡಿರುವವನೊಂದಿಗೆ ವ್ಯವಹರಿಸುತ್ತಿದ್ದೇವೆ ಎಂದು ಭಾವಿಸಿ 77 ನಿಮಿಷ ಕಾದರು. ಒಳಗಿಂದ ಮಕ್ಕಳು ತುರ್ತು ಸಂಖ್ಯೆಗೆ ಕರೆ ಮಾಡುತ್ತಿದ್ದರು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅಂದು ಅಲ್ಲಿ ಸೇರಿದ್ದ ವಿವಿಧ ಪಡೆಗಳ ಸಿಬ್ಬಂದಿ 376 ಮಂದಿ. ಆಳು, ಬಂದೂಕು ಯಾವುದರ ಕೊರತೆಯೂ ಅಲ್ಲಿರಲಿಲ್ಲ. ಇದು ಯಾವ ಬಗೆಯ ಘಟನೆ ಎಂಬ ಹೆಸರನ್ನು ಮೊದಲೇ ತಪ್ಪಾಗಿ ಕೊಟ್ಟುಕೊಂಡದ್ದು ಮುಳುವಾಯಿತು.

ಸಿಡ್ನಿಯ ಲಿಂಡ್ಟ್ ಕೆಫೆಯ ಘಟನೆ ಇದಕ್ಕಿಂತ ಸೂಕ್ಷ್ಮವಾದದ್ದು. 2014ರ ಡಿಸೆಂಬರ್ 15ರ ಬೆಳಿಗ್ಗೆ 18 ಮಂದಿ ಸೆರೆಯಾದರು. ಸುತ್ತುವರಿದು ಮಾತಾಡುವ ಕ್ರಮವನ್ನು ಪೊಲೀಸರು ಮಧ್ಯರಾತ್ರಿ ದಾಟುವವರೆಗೂ ಪಾಲಿಸಿದರು. ಒಳಗೆ ಯಾರಿಗಾದರೂ ಸಾವು ಅಥವಾ ಗಂಭೀರ ಗಾಯವಾದರೆ ನುಗ್ಗುವುದೆಂದು ತೀರ್ಮಾನವಾಗಿತ್ತು. ದಾಳಿಕೋರ ಮೊದಲ ಗುಂಡು ಹಾರಿಸಿದಾಗ ಯಾರಿಗೂ ತಗುಲಲಿಲ್ಲ, ಆದ್ದರಿಂದ ನುಗ್ಗಲಿಲ್ಲ. ಸುಮಾರು ಹತ್ತು ನಿಮಿಷಗಳ ನಂತರ ಅವನು ಒಬ್ಬ ಒತ್ತೆಯಾಳನ್ನು ಕೊಂದ, ಆಗ ನುಗ್ಗಿದರು. ಪೊಲೀಸರ ಗುಂಡಿನ ಚೂರು ತಗುಲಿ ಇನ್ನೊಬ್ಬರು ಸತ್ತರು. ಆ ಮೊದಲ ಗುಂಡಿಗೇ ನುಗ್ಗಬೇಕಿತ್ತೆಂದು 2017ರಲ್ಲಿ ಮರಣ ವಿಚಾರಣಾಧಿಕಾರಿ ವರದಿ ನೀಡಿದರು. ಹೊರಗೆ ನಿಂತವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೂ ವರದಿಯ ಮಾತು ಸರಿಯೆಂದೇ ನನ್ನ ಅಭಿಪ್ರಾಯ. ಒಬ್ಬ ಸತ್ತ ಮೇಲೆ ಮಾತ್ರ ಚಲಿಸುವ ನಿಯಮದಲ್ಲಿ ಆ ಒಬ್ಬನನ್ನು ಮೊದಲೇ ಬಿಟ್ಟುಕೊಟ್ಟಂತೆ ಆಗುತ್ತದೆ.

ಕಾನೂನು ಓದುತ್ತಿರುವವಳು:

ನುಗ್ಗುವ ನಿರ್ಧಾರದಷ್ಟೇ ನುಗ್ಗಿದ ನಂತರದ ಐದು ನಿಮಿಷಗಳೂ ಮುಖ್ಯವೆಂದು ಸೇರಿಸಲು ಬಯಸುತ್ತೇನೆ. 2002ರ ಅಕ್ಟೋಬರ್‌ನಲ್ಲಿ ಮಾಸ್ಕೊದ ದುಬ್ರೋವ್ಕಾ ರಂಗಮಂದಿರದಲ್ಲಿ 800ಕ್ಕೂ ಹೆಚ್ಚು ಮಂದಿ ಒತ್ತೆಯಾಳಾಗಿದ್ದಾಗ, ರಷ್ಯಾದ ಪಡೆಗಳು ಗಾಳಿಯ ಕೊಳವೆಗಳ ಮೂಲಕ ಪ್ರಜ್ಞೆ ತಪ್ಪಿಸುವ ಅನಿಲವನ್ನು ಬಿಟ್ಟವು. ಸ್ಫೋಟಕ ಕಟ್ಟಿಕೊಂಡಿದ್ದ ದಾಳಿಕೋರರು ಅದನ್ನು ಸಿಡಿಸಲಾಗಲಿಲ್ಲ. ಆ ದೃಷ್ಟಿಯಿಂದ ಉಪಾಯ ಫಲಿಸಿತು. ಆದರೆ ಸತ್ತ ಸುಮಾರು 130 ಒತ್ತೆಯಾಳುಗಳಲ್ಲಿ ಬಹುಪಾಲು ಮಂದಿ ಸತ್ತದ್ದು ಆ ಅನಿಲದ ಪರಿಣಾಮದಿಂದ. ಅದು ಯಾವ ಅನಿಲವೆಂದು ವೈದ್ಯರಿಗೆ ತಿಳಿಸಿರಲಿಲ್ಲ, ಪ್ರಜ್ಞೆಯಿಲ್ಲದವರನ್ನು ಅಂಗಾತ ಮಲಗಿಸಿದ್ದರಿಂದ ಉಸಿರುಕಟ್ಟಿತು, ಸಾಕಷ್ಟು ಆಂಬುಲೆನ್ಸ್‌ಗಳಿರಲಿಲ್ಲ. 2011ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿತು: ಅನಿಲ ಬಳಸುವ ನಿರ್ಧಾರ ಜೀವಿಸುವ ಹಕ್ಕಿನ ಉಲ್ಲಂಘನೆಯಲ್ಲ, ರಕ್ಷಣಾ ಕಾರ್ಯದ ಯೋಜನೆಯಲ್ಲಿನ ಕೊರತೆ ಉಲ್ಲಂಘನೆ. ಹಳೇ ಮೈಸೂರಿಗ ಅವರು ಹೇಳಿದ ಪ್ರತಿವಿಷದ ವಿಷಯವನ್ನೂ ಇದೇ ಬೆಳಕಿನಲ್ಲಿ ನೋಡಬಹುದು. ಕಾದದ್ದು ಅಪರಾಧವಲ್ಲ. ಎಲ್‌ಟಿಟಿಇಯವರ ಕೊರಳಲ್ಲಿ ಸಯನೈಡ್ ಇರುತ್ತದೆಂದು ಇಡೀ ದೇಶಕ್ಕೆ ಗೊತ್ತಿದ್ದ ವರ್ಷದಲ್ಲಿ, ಅವರನ್ನೇ ಬೆನ್ನಟ್ಟುತ್ತಿದ್ದ ದಳದ ಜೊತೆಯಲ್ಲಿ ಪ್ರತಿವಿಷ ಮತ್ತು ವೈದ್ಯರು ಮೊದಲಿನಿಂದಲೇ ಏಕೆ ಇರಲಿಲ್ಲ ಎಂಬುದು ಪ್ರಶ್ನೆ.

ಹನೂರು ಸೀಮೆ:

ಇಲ್ಲಿಯವರೆಗಿನ ಚರ್ಚೆಯೆಲ್ಲ ಗೋಡೆಗಳಿರುವ ಜಾಗದ ಬಗ್ಗೆ ಆಯಿತು. ಗೋಡೆಯೇ ಇಲ್ಲದ ಕಡೆ ಏನು ಮಾಡುತ್ತೀರಿ? 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದಾಗ ಸುತ್ತುವರಿಯಲು ಕಟ್ಟಡವಿರಲಿಲ್ಲ, ಇದ್ದದ್ದು ಮೂರು ರಾಜ್ಯಗಳಿಗೆ ಹರಡಿದ ಕಾಡು. ಒಳಸುತ್ತು ಹೊರಸುತ್ತುಗಳ ಪಾಠ ಅಲ್ಲಿ ಅನ್ವಯಿಸುವುದೇ ಇಲ್ಲ. ಬೆಂಗಳೂರು ಹೊತ್ತಿ ಉರಿಯುವ ಭಯದಲ್ಲಿ ಕಾರ್ಯಾಚರಣೆಯನ್ನು ನಿಲ್ಲಿಸಿ, ಎಸ್.ಎಂ. ಕೃಷ್ಣ ಮತ್ತು ಕರುಣಾನಿಧಿ ಅವರ ಸರ್ಕಾರಗಳು ಮಾತುಕತೆಯ ದಾರಿ ಹಿಡಿದವು. ತಮಿಳು ಪತ್ರಿಕೆಯ ಸಂಪಾದಕ ನಕ್ಕೀರನ್ ಗೋಪಾಲ್, ನಂತರ ತಮಿಳು ನಾಯಕ ನೆಡುಮಾರನ್ ಸಂಧಾನಕ್ಕೆಂದು ಕಾಡಿಗೆ ಹೋದರು. ಭಯೋತ್ಪಾದನಾ ವಿರೋಧಿ ಕಾಯ್ದೆಯಾದ ಟಾಡಾದಡಿ ಬಂಧಿತರಾಗಿದ್ದವರ ಮೇಲಿನ ಪ್ರಕರಣಗಳನ್ನು ಹಿಂಪಡೆಯಲು ಸರ್ಕಾರ ಒಪ್ಪಿದಾಗ ಸುಪ್ರೀಂ ಕೋರ್ಟ್‌ಗೆ ಹೋಗಿ ಅದನ್ನು ತಡೆದವರು ಯಾವ ಪಕ್ಷದವರೂ ಅಲ್ಲ. 1992ರಲ್ಲಿ ಎಸ್‌ಪಿ ಹರಿಕೃಷ್ಣ ಅವರೊಂದಿಗೆ ವೀರಪ್ಪನ್ ಗುಂಪಿನ ಗುಂಡಿಗೆ ಬಲಿಯಾದ ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರ ವೃದ್ಧ ತಂದೆ. ನವೆಂಬರ್ 15ರಂದು, 108 ದಿನಗಳ ನಂತರ, ಅಣ್ಣಾವ್ರು ಬಿಡುಗಡೆಯಾದರು. ಎರಡು ವರ್ಷ ಕಳೆಯುವುದರೊಳಗೆ, 2002ರ ಆಗಸ್ಟ್ 25ರಂದು, ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರ ಅಪಹರಣವಾಯಿತು. ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅವರ ಶವ. ಮೊದಲ ಸಂಧಾನದ ಯಶಸ್ಸು ಎರಡನೆಯ ಅಪಹರಣಕ್ಕೆ ಧೈರ್ಯ ಕೊಟ್ಟಿತೆಂದು ನಮ್ಮ ಕಡೆಯವರು ಇಂದಿಗೂ ಹೇಳುತ್ತಾರೆ. ನಾನು ಅದನ್ನು ಅಲ್ಲಗಳೆಯಲಾರೆ. ಆದರೆ 2000ದಲ್ಲಿ ಬೇರೆ ದಾರಿಯಿತ್ತೆಂದು ಹೇಳುವವರನ್ನೂ ನಾನು ನಂಬಲಾರೆ.

ಅವನು ಇಷ್ಟು ವರ್ಷ ಸಿಗದಿದ್ದುದಕ್ಕೆ ಕಾಡೊಂದೇ ಕಾರಣವಲ್ಲ. 1986ರಲ್ಲಿ ಒಮ್ಮೆ ಸಿಕ್ಕಿದ್ದ, ಬೂದಿಪಡಗದ ಅರಣ್ಯ ವಸತಿಗೃಹದಲ್ಲಿ ಕಾವಲಿನಿಂದಲೇ ತಪ್ಪಿಸಿಕೊಂಡ. ಆಮೇಲೆ ಎರಡು ರಾಜ್ಯಗಳ ಎರಡು ಕಾರ್ಯಪಡೆಗಳು, ಅವುಗಳ ನಡುವಿನ ಅಪನಂಬಿಕೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿಯ ನೆಲಬಾಂಬಿಗೆ 22 ಮಂದಿ ಬಲಿಯಾದ ಮೇಲೆ ಕಾರ್ಯಪಡೆಯ ಸಿಟ್ಟು ತಿರುಗಿದ್ದು ಕಾಡಂಚಿನ ಊರುಗಳ ಮೇಲೆ. ಮಾದೇಶ್ವರ ಬೆಟ್ಟದ ಕಾರ್ಯಪಡೆ ಶಿಬಿರದಲ್ಲಿ ಏನಾಯಿತೆಂಬುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ಸದಾಶಿವ ಸಮಿತಿಯ ಮುಂದೆ ಜನ ಹೇಳಿದ್ದಾರೆ. ಆಯೋಗ 2007ರಲ್ಲಿ 89 ಸಂತ್ರಸ್ತರಿಗೆ ಪರಿಹಾರ ಕೊಡಿಸಿತು. ಪೊಲೀಸರಿಗೂ ಹೆದರುವ, ವೀರಪ್ಪನ್‌ಗೂ ಹೆದರುವ ಊರಿನಿಂದ ಮಾಹಿತಿ ಬರುವುದಿಲ್ಲ. ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡು ಕಾರ್ಯಪಡೆ ಕೆ. ವಿಜಯಕುಮಾರ್ ಅವರ ನೇತೃತ್ವದಲ್ಲಿ ಅವನನ್ನು ಪಾಪ್ಪಾರಪಟ್ಟಿಯ ಬಳಿ ಮುಗಿಸಿದ್ದು ಕಾಡಿನೊಳಗೆ ಹುಡುಕಿ ಅಲ್ಲ. ಕಣ್ಣಿನ ಚಿಕಿತ್ಸೆಗೆ ಹೊರಬರುವಂತೆ ಮಾಡಿ, ತಮ್ಮವನೇ ಓಡಿಸುತ್ತಿದ್ದ ಆಂಬುಲೆನ್ಸ್‌ಗೆ ಹತ್ತಿಸಿಕೊಂಡು ಬಂದು. ಹುಲಿಯ ಹಿಂದೆ ಓಡುವುದನ್ನು ಬಿಟ್ಟು ಅದು ನೀರಿಗೆ ಬರುವ ಜಾಗದಲ್ಲಿ ಕೂರುವುದನ್ನು ಕಲಿಯಲು ಇಷ್ಟು ವರ್ಷ ಬೇಕಾಯಿತು.

ಕೊಲಾಬಾ ಕನ್ನಡಿಗ:

ತಪ್ಪಿಸಿಕೊಂಡವರ ಬಗ್ಗೆ ಇನ್ನೆರಡು ಮಾತು. ನಗರದಲ್ಲಿ ಓಟ ಗೆಲ್ಲುವುದೋ ಸೋಲುವುದೋ ಹೆಚ್ಚಾಗಿ ಮಾಹಿತಿಯ ವೇಗದ ಮೇಲೆ ನಿಂತಿರುತ್ತದೆ. 2015ರ ನವೆಂಬರ್ 13ರ ಪ್ಯಾರಿಸ್ ದಾಳಿಯ ನಂತರ, ದಾಳಿಕೋರರಲ್ಲಿ ಒಬ್ಬನಾದ ಸಲಾಹ್ ಅಬ್ದೆಸ್ಲಾಮ್‌ನ ಕಾರನ್ನು ಬೆಲ್ಜಿಯಂ ಗಡಿಯ ಕಡೆಗಿನ ದಾರಿಯಲ್ಲಿ ಫ್ರೆಂಚ್ ಪೊಲೀಸರು ತಡೆದು, ದಾಖಲೆ ನೋಡಿ, ಕಳಿಸಿಕೊಟ್ಟಿದ್ದರು. ಅವನ ಹೆಸರು ಆ ಪೇದೆಗಳಿಗೆ ಇನ್ನೂ ತಲುಪಿರಲಿಲ್ಲ. ಮತ್ತೆ ಸಿಕ್ಕಿದ್ದು ನಾಲ್ಕು ತಿಂಗಳ ನಂತರ, ಬ್ರಸೆಲ್ಸ್‌ನ ಮೋಲೆನ್‌ಬೀಕ್‌ನಲ್ಲಿ, ತಾನು ಬೆಳೆದ ಬಡಾವಣೆಯಲ್ಲೇ. ಮುಂಬಯಿಯಲ್ಲಿ ಕಸಬ್ ಮತ್ತು ಇಸ್ಮಾಯಿಲ್ ರೈಲು ನಿಲ್ದಾಣದಿಂದ ಕಾಮಾ ಆಸ್ಪತ್ರೆಯ ಕಡೆ ನುಸುಳಿ, ಪೊಲೀಸ್ ಅಧಿಕಾರಿಗಳಾದ ಕರ್ಕರೆ, ಕಾಮ್ಟೆ, ಸಾಲಸ್ಕರ್ ಅವರನ್ನು ಕೊಂದು ಪೊಲೀಸ್ ವಾಹನದಲ್ಲೇ ಹೊರಟು, ನಂತರ ಒಂದು ಸ್ಕೋಡಾ ಕಾರನ್ನು ಕಸಿದುಕೊಂಡರು. ಆ ಕಾರಿನ ವಿವರ ವೈರ್‌ಲೆಸ್‌ನಲ್ಲಿ ಗಿರ್ಗಾಂವ್ ಚೌಪಾಟಿಯ ನಾಕಾಬಂದಿಗೆ ಸಮಯಕ್ಕೆ ಸರಿಯಾಗಿ ಮುಟ್ಟಿತ್ತು. ಎಎಸ್‌ಐ ತುಕಾರಾಮ್ ಓಂಬಳೆ ಬರಿಗೈಯಲ್ಲಿ ಬಂದೂಕಿನ ನಳಿಗೆ ಹಿಡಿದುಕೊಂಡು ಪ್ರಾಣ ಕೊಟ್ಟದ್ದರಿಂದ ಒಬ್ಬ ಜೀವಂತ ಸಿಕ್ಕ, ಹತ್ತು ಮಂದಿ ಎಲ್ಲಿಂದ ಬಂದರೆಂಬುದು ನ್ಯಾಯಾಲಯದಲ್ಲಿ ಸಾಬೀತಾಯಿತು. ಜೀವಂತ ಹಿಡಿಯುವುದರ ಬೆಲೆ ಏನೆಂದು ಕೇಳುವವರು ಕೋಣನಕುಂಟೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹಳೇ ಮೈಸೂರಿಗ:

ಶಿವರಾಸನ್ ಮದ್ರಾಸಿನಿಂದ ಬೆಂಗಳೂರಿಗೆ ಬಂದದ್ದು ಖಾಲಿ ಟ್ಯಾಂಕರ್ ಲಾರಿಯೊಳಗೆ ಅಡಗಿಕೊಂಡು. ಅಷ್ಟರಲ್ಲಿ ಅವನ ಚಿತ್ರ ದೇಶದ ಗೋಡೆ ಗೋಡೆಗಳ ಮೇಲಿತ್ತು. ರಾಜೀವ್ ಹತ್ಯೆಯ ಸ್ಫೋಟದಲ್ಲಿ ಸತ್ತ ಛಾಯಾಗ್ರಾಹಕನ ಕ್ಯಾಮೆರಾದಲ್ಲಿ ಉಳಿದಿದ್ದ ರೀಲೇ ಆ ಚಿತ್ರವನ್ನು ಒದಗಿಸಿತ್ತು. ಮೂರು ತಿಂಗಳೊಳಗೆ ಹುಡುಕಿ ಬಾಗಿಲವರೆಗೆ ತಲುಪಿದ ತನಿಖೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಚರ್ಚೆಯನ್ನು ಓದಿದ ಮೇಲೆ ನನ್ನ ಅನುಮಾನ ಗಟ್ಟಿಯಾಗಿದೆ: ಆ ಒಂದೂವರೆ ದಿನ ತಂತ್ರವಾಗಿರಲಿಲ್ಲ, ಸಿದ್ಧತೆಯಿಲ್ಲದ್ದಕ್ಕೆ ತೆತ್ತ ದಂಡವಾಗಿತ್ತು. ಮಾತಾಡುತ್ತ ಕಾಯುವುದು ಬೇರೆ, ಸಾಮಗ್ರಿ ಬರಲೆಂದು ಕಾಯುವುದು ಬೇರೆ. ಕೋಣನಕುಂಟೆಯಲ್ಲಿ ಒಳಗಿನವರೊಂದಿಗೆ ಯಾರೂ ಸಂಧಾನ ನಡೆಸುತ್ತಿರಲಿಲ್ಲ.

ನಿವೃತ್ತ ಖಾಕಿ:

ಆ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ತಕ್ಷಣ ನುಗ್ಗಿದ್ದರೂ ಗುಳಿಗೆ ಕಚ್ಚಲು ಬೇಕಾಗುವುದು ಒಂದು ಕ್ಷಣ ಮಾತ್ರ. ಜೀವಂತ ಹಿಡಿಯುವ ಅವಕಾಶವಿದ್ದುದು ಸುತ್ತುವರಿಯುವ ಮೊದಲು: ಒಬ್ಬನೇ ಹಾಲಿಗೋ ಪತ್ರಿಕೆಗೋ ಹೊರಬಂದಾಗ, ಮಫ್ತಿಯಲ್ಲಿದ್ದವರು, ಅವನ ಕೈ ಕೊರಳಿಗೆ ಹೋಗುವ ಮುನ್ನ ಹಿಡಿಯುವುದು. ಅದಕ್ಕೆ ಮನೆಯನ್ನು ದೂರದಿಂದ ದಿನಗಟ್ಟಲೆ ಗಮನಿಸುವ ವ್ಯವಧಾನ ಬೇಕಿತ್ತು. ಸುದ್ದಿ ಹಬ್ಬಿ ಜನ ಜಾತ್ರೆಯಂತೆ ಸೇರಿದ ಮೇಲೆ ಆ ದಾರಿ ಮುಚ್ಚಿಹೋಯಿತು.

ಕಾನೂನು ಓದುತ್ತಿರುವವಳು:

ಜನ ಸೇರುವ ವಿಷಯ ಬಂದದ್ದರಿಂದ ಕೇಳುತ್ತೇನೆ: 2015ರ ನಿಯಮ ಕೇಬಲ್ ವಾಹಿನಿಗಳಿಗೆ ಅನ್ವಯಿಸುತ್ತದೆ, ಕಾರ್ಯಾಚರಣೆ ಮುಗಿಯುವವರೆಗೆ ನಿಯೋಜಿತ ಅಧಿಕಾರಿ ಆಗಾಗ ಕೊಡುವ ವಿವರಣೆಯನ್ನಷ್ಟೇ ಅವು ಪ್ರಸಾರ ಮಾಡಬಹುದು. ಎದುರು ಮನೆಯ ಮಹಡಿಯಿಂದ ಮೊಬೈಲ್‌ನಲ್ಲಿ ಲೈವ್ ಹೋಗುವವನಿಗೆ ಯಾವ ನಿಯಮ? 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಯ ನಂತರ, ವಾರ್ತಾ ಸಚಿವಾಲಯ ಹೊರಡಿಸಿದ ಸಲಹಾ ಪ್ರಕಟಣೆಯಲ್ಲಿ ಸಾಮಾಜಿಕ ಜಾಲತಾಣಗಳ ಬಳಕೆದಾರರನ್ನೂ ಉದ್ದೇಶಿಸಲಾಗಿತ್ತು. ಆದರೆ ಸಲಹೆಗೆ ನಿಯಮದ ಬಲವಿಲ್ಲ.

ನಿವೃತ್ತ ಖಾಕಿ:

ಸದ್ಯಕ್ಕೆ ಹೊರಸುತ್ತಿನ ಕಾವಲಿನಲ್ಲಿರುವ ಪೇದೆಯೇ ಅದಕ್ಕೆ ನಿಯಮ, ಮೇಡಂ. ಅವನು ಆ ಮಹಡಿಯನ್ನೂ ಖಾಲಿ ಮಾಡಿಸಬೇಕು.